ನಿತ್ಯ ಸಂಚಾರದ ವಿದ್ಯುತ್ ಸೈಕಲ್ಲಿಗೆ ಬ್ಯಾಟರಿಯ ಆಯ್ಕೆ

ಮಹಾನಗರಗಳಲ್ಲಿ ಉದ್ಯೋಗನಿಮಿತ್ತ ನೆಲೆಸಿರುವವರ ದಿನಚರಿಯಲ್ಲಿ ಮನೆಗೂ ಕಚೇರಿಗೂ ನಡುವಣ ಪ್ರಯಾಣವು ಸಮಯವನ್ನೂ ಹಣವನ್ನೂ ಗಣನೀಯವಾಗಿ ಕಬಳಿಸುತ್ತದೆ. ಹತ್ತು ಹನ್ನೆರಡು ಕಿಲೋಮೀಟರುಗಳ ದೂರವನ್ನು ಬೆವರದೆ ಕ್ರಮಿಸಬೇಕೆನ್ನುವವರಿಗೆ ವಿದ್ಯುತ್ ಸೈಕಲ್ ಒಂದು ಸೂಕ್ತ ವಾಹನವಾಗಿ ಒದಗಿಬಂದಿದೆ. ಆದರೆ ಕೊಳ್ಳುವವರು ಸಾಮಾನ್ಯವಾಗಿ ಚೌಕಟ್ಟು, ಗೇರು, ಬಣ್ಣಗಳನ್ನು ಪರೀಕ್ಷಿಸುವಷ್ಟು ಶ್ರದ್ಧೆಯಿಂದ ಬ್ಯಾಟರಿಯನ್ನು ಪರೀಕ್ಷಿಸುವುದಿಲ್ಲ. ಸೈಕಲ್ಲಿನ ಅತ್ಯಂತ ಬೆಲೆಬಾಳುವ ಭಾಗ ಅದೇ. ಎಲ್ಲಕ್ಕಿಂತ ಮೊದಲು ಸವೆಯುವ ದುಬಾರಿ ಭಾಗವೂ ಅದೇ. ರಾತ್ರಿ ಮನೆಯೊಳಗೆ ಬಂದು ಕುಟುಂಬದವರ ಜೊತೆಗೇ ತಂಗುವ ಭಾಗವೂ ಅದೇ.

ಬ್ಯಾಟರಿಯ ಮೇಲೆ ಎರಡು ಸಂಖ್ಯೆಗಳು ಮುದ್ರಿತವಾಗಿರುತ್ತವೆ. ಒಂದು ವೋಲ್ಟ್, ಇನ್ನೊಂದು ಆಂಪಿಯರ್-ಗಂಟೆ. ಅಂಗಡಿಯವರು ಇವೆರಡರಲ್ಲಿ ದೊಡ್ಡದಾಗಿ ಕಾಣುವುದನ್ನು ಎತ್ತಿ ಹೇಳುವುದು ವಾಡಿಕೆ. ಆದರೆ ಎರಡನ್ನೂ ಗುಣಿಸಿದಾಗ ಬರುವ ವಾಟ್-ಗಂಟೆಯೇ ಬ್ಯಾಟರಿಯಲ್ಲಿ ಅಡಗಿರುವ ಶಕ್ತಿಯ ನಿಜವಾದ ಅಳತೆ. 36 ವೋಲ್ಟಿನ 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 360 ವಾಟ್-ಗಂಟೆಗಳಿರುತ್ತವೆ. 48 ವೋಲ್ಟಿನ 7.5 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿಯೂ ಅಷ್ಟೇ ಇರುತ್ತವೆ. ವೋಲ್ಟ್ ಹೆಚ್ಚಾದ ಮಾತ್ರಕ್ಕೆ ಸೈಕಲ್ ಹೆಚ್ಚು ದೂರ ಸಾಗದು. ಆದ್ದರಿಂದ ಬೆಲೆಗಳನ್ನು ಹೋಲಿಸುವಾಗ ಒಂದು ವಾಟ್-ಗಂಟೆಗೆ ಎಷ್ಟು ರೂಪಾಯಿ ಬೀಳುತ್ತದೆಂದು ಲೆಕ್ಕ ಹಾಕುವುದೇ ಸರಿಯಾದ ಕ್ರಮ.

ಇನ್ನು ಎಷ್ಟು ವಾಟ್-ಗಂಟೆ ಬೇಕೆಂಬ ಪ್ರಶ್ನೆ. ಸವಾರನು ತಾನೂ ಪೆಡಲ್ ತುಳಿಯುತ್ತ ಸಾಗಿದರೆ ಸಮತಟ್ಟಾದ ನಗರದ ರಸ್ತೆಯಲ್ಲಿ ಕಿಲೋಮೀಟರಿಗೆ ಸುಮಾರು 8ರಿಂದ 12 ವಾಟ್-ಗಂಟೆ ವ್ಯಯವಾಗುತ್ತದೆ. ತುಳಿಯದೆ ಮೋಟಾರನ್ನೇ ನೆಚ್ಚಿದರೆ 15ರಿಂದ 20ರವರೆಗೆ ಏರಬಹುದು. ಸಿಗ್ನಲ್‌ಗಳೂ ಮೇಲುಸೇತುವೆಗಳೂ ತಮ್ಮ ಪಾಲನ್ನು ಪಡೆಯುತ್ತವೆ. ಸವಾರ ಮತ್ತು ಸೈಕಲ್ ಸೇರಿ 100 ಕಿಲೋಗ್ರಾಂ ತೂಕವೆಂದು ಇಟ್ಟುಕೊಂಡರೆ, ನಿಂತಲ್ಲಿಂದ ಗಂಟೆಗೆ 25 ಕಿಲೋಮೀಟರ್ ವೇಗವನ್ನು ಪಡೆಯಲು ಮೋಟಾರಿನ ನಷ್ಟವೂ ಸೇರಿ ಹೆಚ್ಚುಕಡಮೆ ಒಂದು ವಾಟ್-ಗಂಟೆ ಬೇಕು. ಹತ್ತು ಮೀಟರ್ ಎತ್ತರದ ಸೇತುವೆಯನ್ನು ಏರಲು ಮೂರರಿಂದ ನಾಲ್ಕು ವಾಟ್-ಗಂಟೆ ಬೇಕು. ಹತ್ತು ಕಡೆ ನಿಂತು ಹೊರಡುವ ಮಾರ್ಗಕ್ಕೆ ಒಂದು ಕಿಲೋಮೀಟರಿನಷ್ಟು ದೂರ ಹೆಚ್ಚಾಯಿತೆಂದೇ ಭಾವಿಸಬಹುದು. ಚಕ್ರದಲ್ಲಿ ಗಾಳಿ ಕಡಿಮೆಯಾಗಿದ್ದರೆ ಆಗುವ ನಷ್ಟ ಬೇರೆ. ಅದನ್ನು ನಿವಾರಿಸಲು ಖರ್ಚೇನೂ ಇಲ್ಲ, ಸೈಕಲ್ ಪಂಪೊಂದು ಸಾಕು.

ಮುಂಬಯಿಯ ಮಾಟುಂಗಾದಿಂದ ಕೋಟೆ ಪ್ರದೇಶದ ಕಚೇರಿಗೆ ಹೋಗಿಬರುವವರ ಲೆಕ್ಕವನ್ನು ನೋಡೋಣ. ಒಂದು ಕಡೆಗೆ ಸುಮಾರು 12 ಕಿಲೋಮೀಟರ್, ಹೋಗಿಬರಲು 24. ಕಿಲೋಮೀಟರಿಗೆ 12 ವಾಟ್-ಗಂಟೆಯಂತೆ ದಿನಕ್ಕೆ 288. ಬ್ಯಾಟರಿಯನ್ನು ದಿನವೂ ತಳಮುಟ್ಟ ಬರಿದು ಮಾಡುವುದು ಅದರ ಆಯುಸ್ಸಿಗೆ ಒಳ್ಳೆಯದಲ್ಲವಾದ್ದರಿಂದ ಐದನೆಯ ಒಂದು ಭಾಗವನ್ನು ಉಳಿಸಿಕೊಳ್ಳುವುದಾದರೆ 360 ಬೇಕಾಗುತ್ತದೆ. ಕೆಲವು ವರ್ಷಗಳ ಬಳಕೆಯ ನಂತರ ಸಾಮರ್ಥ್ಯವು ಹೊಸತರ ಶೇಕಡಾ 80ಕ್ಕೆ ಇಳಿದಾಗಲೂ ಇದೇ ಪ್ರಯಾಣ ಸಾಗಬೇಕಾದರೆ 450. ಹೀಗೆ 36 ವೋಲ್ಟಿನ 13 ಆಂಪಿಯರ್-ಗಂಟೆಯ, ಅಂದರೆ 468 ವಾಟ್-ಗಂಟೆಯ ಬ್ಯಾಟರಿಯು ಅವರಿಗೆ ಯೋಗ್ಯವಾಗುತ್ತದೆ. ಕಚೇರಿಯಲ್ಲಿ ಚಾರ್ಜ್ ಮಾಡಲು ಅನುಮತಿಯಿದ್ದರೆ ಇದರ ಅರ್ಧವೇ ಸಾಕು. ಜಾಹೀರಾತುಗಳಲ್ಲಿ ಹೇಳುವ ದೂರವು ಹಗುರ ಸವಾರ, ಸಮತಟ್ಟು ರಸ್ತೆ, ಮಂದಗತಿ, ಹೊಸ ಬ್ಯಾಟರಿ ಇವೆಲ್ಲ ಕೂಡಿಬಂದಾಗಿನ ಮಾತು. ಅದರಲ್ಲಿ ಮೂರನೆಯ ಒಂದು ಭಾಗವನ್ನು ಕಳೆದು ನೋಡುವುದು ವಿವೇಕ.

ಬ್ಯಾಟರಿಯ ಜಾತಿಗಳಲ್ಲಿ ಸೀಸ-ಆಮ್ಲದ್ದು ಹಳೆಯದು, ಅಗ್ಗದ್ದು, ಬಹಳ ಭಾರದ್ದು. ಮೇಲೆ ಹೇಳಿದ 468 ವಾಟ್-ಗಂಟೆಗೆ ಅದು ಸುಮಾರು 13 ಕಿಲೋಗ್ರಾಂ ತೂಗುತ್ತದೆ. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಗೆ ಅದನ್ನು ದಿನವೂ ಹೊತ್ತೊಯ್ಯುವುದು ಸೈಕಲ್ ತುಳಿಯುವುದಕ್ಕಿಂತ ಹೆಚ್ಚಿನ ವ್ಯಾಯಾಮವಾದೀತು. 1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಬ್ಯಾಟರಿಯು ಈ ಕಷ್ಟವನ್ನು ಪರಿಹರಿಸಿತು. ಅದಕ್ಕೆ ಕಾರಣರಾದ ಗುಡೆನಫ್, ವಿಟಿಂಗ್‌ಹ್ಯಾಮ್ ಮತ್ತು ಯೋಶಿನೋ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಸಂದಿತು. ಇದರಲ್ಲಿಯೂ ಎರಡು ಪ್ರಭೇದಗಳು ಸೈಕಲ್ಲುಗಳಲ್ಲಿ ಬಳಕೆಯಲ್ಲಿವೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್‌ಗಳ ಸಂಯುಕ್ತವಿರುವುದು ಹಗುರ. ಇದೇ ಶಕ್ತಿಗೆ ಮೂರು ಕಿಲೋಗ್ರಾಂ ಆಸುಪಾಸು. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಇರುವುದು ಅದಕ್ಕಿಂತ ಒಂದೆರಡು ಕಿಲೋಗ್ರಾಂ ಹೆಚ್ಚು ಭಾರ. ಆದರೆ ಹೆಚ್ಚಿನ ಉಷ್ಣವನ್ನು ತಾಳುತ್ತದೆ, ಸುಲಭವಾಗಿ ಹೊತ್ತಿಕೊಳ್ಳುವುದಿಲ್ಲ, ಸಾವಿರಕ್ಕೂ ಹೆಚ್ಚು ಬಾರಿ ತುಂಬಿ ಬರಿದು ಮಾಡಿದರೂ ಬಾಳುತ್ತದೆ. ಮೇ ತಿಂಗಳಿನಲ್ಲಿ 40 ಡಿಗ್ರಿಯನ್ನು ದಾಟುವ ದೆಹಲಿ, ಹೈದರಾಬಾದುಗಳಂಥ ಊರುಗಳಲ್ಲಿ, ಮನೆಯೊಳಗೇ ಚಾರ್ಜ್ ಮಾಡುವ ಅನಿವಾರ್ಯತೆ ಇರುವವರು ಈ ಎರಡನೆಯದನ್ನೇ ಆರಿಸಿಕೊಳ್ಳುವುದು ಮೇಲು. ಒಂದೆರಡು ಕಿಲೋಗ್ರಾಂ ತೂಕಕ್ಕಿಂತ ನೆಮ್ಮದಿಯ ನಿದ್ರೆ ದೊಡ್ಡದು.

ಇಲ್ಲಿ ಅಂಗಡಿಯವರೂ ಹಲವೊಮ್ಮೆ ಎಡವುವ ಒಂದು ಸಂಗತಿಯಿದೆ. ಮೂರು ಬಗೆಯ ಬ್ಯಾಟರಿಗಳ ಮೇಲೂ '36 ವೋಲ್ಟ್' ಎಂದೇ ಬರೆದಿರುತ್ತದೆ. ಆದರೆ ಪೂರ್ಣ ತುಂಬಿದಾಗ ಅವುಗಳ ವೋಲ್ಟ್ ಒಂದೇ ಆಗಿರುವುದಿಲ್ಲ. ನಿಕಲ್ ಬಗೆಯ ಹತ್ತು ಕೋಶಗಳ ಸಾಲು 42 ವೋಲ್ಟಿಗೆ ತುಂಬುತ್ತದೆ. ಕಬ್ಬಿಣ-ಫಾಸ್ಫೇಟಿನ ಹನ್ನೆರಡು ಕೋಶಗಳ ಸಾಲು 43.8 ವೋಲ್ಟಿಗೆ, ಸೀಸ-ಆಮ್ಲದ ಚಾರ್ಜರ್ ಸುಮಾರು 44 ವೋಲ್ಟನ್ನು ಹೊರಸೂಸುತ್ತದೆ. ಎರಡನೆಯ ಅಥವಾ ಮೂರನೆಯ ಚಾರ್ಜರನ್ನು ಮೊದಲನೆಯ ಬ್ಯಾಟರಿಗೆ ಜೋಡಿಸಿದರೆ, 4.2 ವೋಲ್ಟಿಗೆ ನಿಲ್ಲಬೇಕಾದ ಪ್ರತಿ ಕೋಶದ ಮೇಲೂ ಸುಮಾರು 4.4 ವೋಲ್ಟಿನ ಒತ್ತಡ ಬೀಳುತ್ತದೆ. ಪ್ಲಗ್ಗು ಸರಿಯಾಗಿ ಕೂತಿತೆಂಬ ಕಾರಣಕ್ಕೆ ನೆರೆಮನೆಯವರ ಚಾರ್ಜರನ್ನು ಎರವಲು ತರುವುದು ಈ ದೃಷ್ಟಿಯಿಂದ ಬಹಳ ಅಪಾಯಕಾರಿ. ಅಂಥ ಸಂದರ್ಭದಲ್ಲಿ ರಕ್ಷಿಸುವುದು ಬ್ಯಾಟರಿಯೊಳಗಿನ ನಿರ್ವಹಣಾ ಮಂಡಲವೊಂದೇ. ಪ್ರತಿ ಕೋಶದ ವೋಲ್ಟ್ ಅನ್ನೂ ಉಷ್ಣಾಂಶವನ್ನೂ ಗಮನಿಸಿ, ಮಿತಿಮೀರಿದಾಗ ಸಂಪರ್ಕವನ್ನು ಕಡಿಯುವುದು ಅದರ ಕೆಲಸ. ಬ್ಯಾಟರಿಯಲ್ಲಿ ಅಂಥ ಮಂಡಲವಿದೆಯೇ, ಉಷ್ಣಾಂಶವನ್ನು ಅಳೆಯುವ ಸಂವೇದಕವಿದೆಯೇ ಎಂದು ಕೇಳಿ, ಉತ್ತರವನ್ನು ರಸೀದಿಯಲ್ಲಿ ಬರೆಸಿಕೊಳ್ಳಬೇಕು.

ಹಳೆಯ ಲ್ಯಾಪ್‌ಟಾಪ್‌ಗಳಿಂದ ಬಿಡಿಸಿದ ಕೋಶಗಳನ್ನು ಜೋಡಿಸಿ, ಮೇಲೊಂದು ಹೊಸ ಹೊದಿಕೆ ತೊಡಿಸಿ ಮಾರುವ ಬ್ಯಾಟರಿಗಳೂ ಉಂಟು. ಬೇರೆ ಬೇರೆ ವಯಸ್ಸಿನ ಕೋಶಗಳು ಒಂದೇ ಸಾಲಿನಲ್ಲಿ ಸೇರಿದಾಗ ದುರ್ಬಲವಾದುದು ಬೇಗ ಬರಿದಾಗಿ, ಬೇಗ ತುಂಬಿ, ಕಾಯುತ್ತದೆ. ತಯಾರಕರ ಹೆಸರು, ತಯಾರಿಕೆಯ ತಿಂಗಳು, ಕೋಶಗಳ ವಿವರ, ಎರಡು ವರ್ಷಗಳ ಲಿಖಿತ ಖಾತರಿ ಇವುಗಳಿಲ್ಲದ ಬ್ಯಾಟರಿಯನ್ನು ಅದು ಎಷ್ಟೇ ಅಗ್ಗವಾಗಿದ್ದರೂ ಮುಟ್ಟದಿರುವುದೇ ಲೇಸು.

2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರ್‌ಗಳು ಹೊತ್ತಿ ಉರಿದ ಪ್ರಕರಣಗಳು ಕೇಳುಗರ ನೆನಪಿನಲ್ಲಿರಬಹುದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನ ವಿದ್ಯುತ್ ಸ್ಕೂಟರ್ ಮಳಿಗೆಯೊಂದರಲ್ಲಿ ಎದ್ದ ಬೆಂಕಿಯ ಹೊಗೆಯು ಮೇಲಿನ ಮಹಡಿಗಳ ವಸತಿಗೃಹವನ್ನು ತುಂಬಿ ಎಂಟು ಜನರ ಪ್ರಾಣ ಹೋಯಿತು. ಆ ಬಳಿಕ ನೋಂದಣಿಯಾಗುವ ವಿದ್ಯುತ್ ದ್ವಿಚಕ್ರ ವಾಹನಗಳ ಬ್ಯಾಟರಿಗೆ ಎ.ಐ.ಎಸ್. 156 ಎಂಬ ಮಾನಕದ ಬಿಗಿಗೊಳಿಸಿದ ಷರತ್ತುಗಳು 2022ರ ಡಿಸೆಂಬರಿನಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಸೈಕಲ್ಲಿನ ಬ್ಯಾಟರಿ ಚಿಕ್ಕದಾದರೂ ಬೆಂಕಿಯ ಸ್ವಭಾವ ಅದೇ. ಅದರ ಹೊಗೆ ವಿಷಮಯ. ಬಹಳಷ್ಟು ಮನೆಗಳಲ್ಲಿ ಸೈಕಲ್ಲನ್ನು ನಿಲ್ಲಿಸುವುದು ಮುಂಬಾಗಿಲಿನ ಒಳಪಕ್ಕದಲ್ಲಿ. ರಾತ್ರಿಯಿಡೀ ಚಾರ್ಜ್ ಆಗುವುದೂ ಅಲ್ಲೇ. ಅಲ್ಲಿ ಬೆಂಕಿ ಹತ್ತಿದರೆ ಒಳಗೆ ಮಲಗಿದವರಿಗೆ ಹೊರಬರುವ ದಾರಿಯೇ ಮುಚ್ಚುತ್ತದೆ. ಆದಕಾರಣ ಕಳಚಿ ತೆಗೆಯಬಹುದಾದ ಬ್ಯಾಟರಿಯನ್ನು ಆರಿಸಿ, ಎಲ್ಲರೂ ಎಚ್ಚರವಾಗಿರುವ ಹೊತ್ತಿನಲ್ಲಿ, ಬಾಗಿಲಿನಿಂದ ದೂರ, ಬರಿಯ ನೆಲದ ಮೇಲಿಟ್ಟು ಚಾರ್ಜ್ ಮಾಡುವುದು ಕ್ಷೇಮಕರ. ಉಬ್ಬಿದ, ಕೆಳಗೆ ಬಿದ್ದು ಜಜ್ಜಿದ, ನೀರಿನಲ್ಲಿ ಮುಳುಗಿದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಲೇಬಾರದು. ಹೊಗೆ ಕಂಡೊಡನೆ ಮನೆಯವರೆಲ್ಲರೂ ಹೊರಬಂದು 101 ಅಥವಾ 112ಕ್ಕೆ ಕರೆ ಮಾಡಬೇಕೇ ಹೊರತು ಬ್ಯಾಟರಿಯನ್ನು ಕೈಯಲ್ಲಿ ಎತ್ತಲು ಹೋಗಬಾರದು.

ಮುಂಬಯಿಯ ಮಳೆಗಾಲಕ್ಕೆ ಐ.ಪಿ. 65 ಅಥವಾ ಐ.ಪಿ. 67 ಎಂಬ ಗುರುತುಳ್ಳ ಹೊದಿಕೆ ಬೇಕು. ಮೊದಲನೆಯದು ಚಿಮ್ಮುವ ನೀರನ್ನು ತಡೆಯುತ್ತದೆ, ಎರಡನೆಯದು ಸ್ವಲ್ಪ ಕಾಲ ನೀರಿನಲ್ಲಿ ಮುಳುಗಿದರೂ ತಾಳುತ್ತದೆ.

ಕಾನೂನಿನ ಒಂದು ಮಾತನ್ನೂ ಗಮನಿಸಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, 250 ವಾಟ್‌ಗಿಂತ ಕಡಿಮೆ ಶಕ್ತಿಯ ಸಹಾಯಕ ಮೋಟಾರಿದ್ದು, ಪೆಡಲ್ ತುಳಿತ ನಿಂತೊಡನೆ ಅಥವಾ ವೇಗ ಗಂಟೆಗೆ 25 ಕಿಲೋಮೀಟರ್ ಮುಟ್ಟಿದೊಡನೆ ಆ ನೆರವು ಕಡಿದುಹೋಗುವ, ಅಧಿಕೃತ ಪರೀಕ್ಷಾ ಸಂಸ್ಥೆಯಿಂದ ಅನುಮೋದಿತವಾದ ಸೈಕಲ್ ಮೋಟಾರು ವಾಹನವೆನಿಸುವುದಿಲ್ಲ. ಪರವಾನಗಿಯೂ ನೋಂದಣಿಯೂ ಬೇಡ. ಪುಣೆಯ ಆಟೋಮೋಟಿವ್ ಸಂಶೋಧನಾ ಸಂಘವು ಅಂಥ ಪರೀಕ್ಷಾ ಸಂಸ್ಥೆಗಳಲ್ಲೊಂದು. 36 ವೋಲ್ಟಿಗೆ ರಚಿತವಾದ ಸೈಕಲ್ಲಿಗೆ ವೇಗದ ಆಸೆಯಿಂದ 48 ವೋಲ್ಟಿನ ಬ್ಯಾಟರಿಯನ್ನು ತೊಡಿಸಿದರೆ ನಿಯಂತ್ರಕ ಸುಟ್ಟುಹೋಗಬಹುದು. ಸುಡದೆ ವೇಗ ಈ ಮಿತಿಯನ್ನು ದಾಟಿದರೆ ವಿನಾಯಿತಿಯೂ ಕೈತಪ್ಪುತ್ತದೆ.

ರಜೆಗೆಂದು ತಿಂಗಳುಗಟ್ಟಲೆ ಊರಿಗೆ ಹೋಗುವವರು ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಇಡಬಾರದು, ಪೂರ್ತಿ ಬರಿದು ಮಾಡಿಯೂ ಇಡಬಾರದು. ಅರ್ಧದಷ್ಟು ತುಂಬಿ, ತಂಪಾದ ಕಡೆ ಇರಿಸುವುದು ಉತ್ತಮ. ದೆಹಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಜೊತೆಗೆ ಒಯ್ಯೋಣವೆಂದರೆ ಸಾಧ್ಯವಿಲ್ಲ. 160 ವಾಟ್-ಗಂಟೆಗೆ ಮೀರಿದ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ಕೈಚೀಲದಲ್ಲಾಗಲಿ ಸಾಮಾನಿನಲ್ಲಾಗಲಿ ಕೊಂಡೊಯ್ಯುವಂತಿಲ್ಲ. ಆಯುಸ್ಸು ಮುಗಿದ ಬ್ಯಾಟರಿಯನ್ನು ಕಸದ ತೊಟ್ಟಿಗೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಸಂಗ್ರಹಿಸಿ ಪುನರ್ಬಳಕೆಗೆ ಒಪ್ಪಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಹಳೆಯದನ್ನು ಎಲ್ಲಿ ಹಿಂದಿರುಗಿಸಬೇಕೆಂಬುದನ್ನು ಹೊಸದನ್ನು ಕೊಳ್ಳುವ ದಿನವೇ ಕೇಳಿ ತಿಳಿದುಕೊಳ್ಳಬಹುದು.