ಮಕ್ಕಳ ಮನಸ್ಸನ್ನು ಕೇಳಿರಿ
(ಭೀಮರಾಯನಗುಡಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿ ಸಭೆ ಸೇರಿದರೆ ಕಾಲುವೆ ನೀರು, ಹತ್ತಿ, ಭತ್ತ, ಗೊಬ್ಬರ ಇವೇ ಮಾತು. ಇಂದು ಬೆಳೆಯನ್ನು ಬದಿಗಿಟ್ಟು ಮನೆಯ ಮಕ್ಕಳ ವಿಷಯ ಮಾತಾಡುತ್ತೇನೆ. ಹದಿನಾರು ಹದಿನೆಂಟು ವಯಸ್ಸಿನವರು ತಮ್ಮ ಜೀವ ತಾವೇ ಕಳೆದುಕೊಂಡ ಸುದ್ದಿಯನ್ನು ನಾವೆಲ್ಲ ಕೇಳಿದ್ದೇವೆ. ಕೇಳಿ, ತಲೆ ತಗ್ಗಿಸಿ, ಸುಮ್ಮನಾಗಿದ್ದೇವೆ.

2024ರ ಎಸ್ಸೆಸ್ಸೆಲ್ಸಿ ಮೊದಲನೆಯ ಪರೀಕ್ಷೆಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯಿಂದ ಪಾಸಾದವರು ಶೇಕಡ 50.59, ರಾಜ್ಯದಲ್ಲಿ ಕಡೆಯ ಸ್ಥಾನ. ಜಿಲ್ಲೆಯ ಅರ್ಧ ಮಕ್ಕಳು ದಡ್ಡರೆಂದು ನಂಬುವಿರಾ? ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ತಪ್ಪಿಸಿ ಹೊಲಕ್ಕೆ ಕರೆದೊಯ್ದವರು ಯಾರು? ಫಲಿತಾಂಶದ ದಿನ ಬೈಗುಳ ಮಾತ್ರ ಮಗುವಿನ ಪಾಲಿಗೆ. ನಪಾಸಾದವರು ಅದೇ ವರ್ಷ ಮತ್ತೆ ಪರೀಕ್ಷೆ ಬರೆಯಬಹುದು. ಇದನ್ನು ಫಲಿತಾಂಶ ಬರುವ ಮೊದಲೇ ಮಗುವಿಗೆ ಹೇಳಿರಿ.

ಹಾಗೆಂದು ಪರೀಕ್ಷೆಯೊಂದೇ ಕಾರಣವೆಂದು ತಿಳಿಯಬೇಡಿರಿ. ಒಲ್ಲದ ಮದುವೆ, ಮುರಿದ ಪ್ರೀತಿ, ಮನೆಯ ಸಾಲ, ತಂದೆಯ ಕುಡಿತ, ಹೊರಗೆ ಕಾಣದ ಖಿನ್ನತೆಯ ಬೇನೆ, ಹೀಗೆ ಹಲವು ಭಾರ ಕೂಡಿ ಎಳೆಯ ಮನಸ್ಸು ಕುಸಿಯುತ್ತದೆ.

ನನ್ನ ತಂಗಿಯ ಮಗ ಒಮ್ಮೆ ಎರಡು ದಿನ ಊಟ ಬಿಟ್ಟು ದನದ ಕೊಟ್ಟಿಗೆಯಲ್ಲಿ ಮಲಗಿಬಿಟ್ಟ. ಮೊಬೈಲನ್ನು ಗೆಳೆಯನಿಗೆ ಕೊಟ್ಟುಬಿಟ್ಟಿದ್ದ. ಹಟ ಮಾಡುತ್ತಾನೆಂದು ನಾವು ಗಂಡಸರು ಗದರಿಸಿದೆವು. ಅವನ ಅಜ್ಜಿ ಹೋಗಿ ಪಕ್ಕದಲ್ಲಿ ಕುಳಿತು, "ಯಾಕೋ ನಮ್ಮಪ್ಪಾ, ಸಾಯಬೇಕು ಅನಸ್ಲಕತ್ತದೇನು?" ಎಂದು ನೇರವಾಗಿ ಕೇಳಿದಳು. ಹುಡುಗ ಗಳಗಳನೆ ಅತ್ತ. ಅಂದು ರಾತ್ರಿ ಅಜ್ಜಿ ಅವನನ್ನು ಬಿಟ್ಟು ಕದಲಲಿಲ್ಲ. ಮರುದಿನ ಡಾಕ್ಟರ ಬಳಿ ಕರೆದೊಯ್ದೆವು.

ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ನಾನೂ ಅಂಜಿದ್ದೆ. ಅದು ತಪ್ಪು ತಿಳುವಳಿಕೆ ಎಂದು ಮನೋವೈದ್ಯರು ಹೇಳುತ್ತಾರೆ. ಕೇಳಿದರೆ ಭಾರ ಇಳಿಯುತ್ತದೆ. "ನಾನಿದ್ದು ಏನು ಮಾಡೋದು" ಎಂದು ಮಗು ಅಂದರೆ ತಮಾಷೆಯೆಂದು ಬಿಡಬೇಡಿರಿ.

ಇನ್ನು ಹತ್ತಿಗೆ ಹೊಡೆಯುವ ಎಣ್ಣೆಯ ವಿಷಯ. ಸಾಯುವ ಯೋಚನೆ ಎಷ್ಟೋ ಸಲ ಒಂದು ಗಳಿಗೆಯ ಬಿರುಗಾಳಿ. ಆ ಗಳಿಗೆಯಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಸಿಂಹಳ ದ್ವೀಪದಲ್ಲಿ, ಅಂದರೆ ಶ್ರೀಲಂಕಾದಲ್ಲಿ, ಅತಿ ಘೋರವಾದ ಕೀಟನಾಶಕಗಳನ್ನು ಸರಕಾರ ಒಂದೊಂದಾಗಿ ನಿಷೇಧಿಸಿತು. 1995ರಿಂದ 2015ರ ಒಳಗೆ ಅಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡ 70ರಷ್ಟು ಇಳಿಯಿತು. ಅಲ್ಲಿಯೂ ಭತ್ತ ಬೆಳೆಯುವವರೇ; ಇಳುವರಿಯೇನೂ ಕುಸಿಯಲಿಲ್ಲ. ನಮ್ಮಲ್ಲಿ ಉಳಿದ ಡಬ್ಬಿಯನ್ನು ಮಲಗುವ ಕೋಣೆಯ ಮಾಡದಲ್ಲಿಡುವ ರೂಢಿಯಿದೆ. ಪೆಟ್ಟಿಗೆಗೆ ಬೀಗ ಹಾಕಿದರಷ್ಟೇ ಸಾಲದು, ಬೀಗದ ಕೈ ಎಲ್ಲಿದೆಯೆಂದು ಮನೆಮಂದಿಗೆಲ್ಲ ಗೊತ್ತಿರುತ್ತದೆ. ಬೇಕಾದಷ್ಟೇ ಕೊಳ್ಳಿರಿ, ಮನೆಯಲ್ಲಿ ಉಳಿಸಬೇಡಿರಿ.

ಅನಾಹುತವಾಗಿಬಿಟ್ಟರೆ ಮನೆಮದ್ದು ಮಾಡುತ್ತ ಕೂಡದೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯಿರಿ. ಪೊಲೀಸ್ ಕೇಸಾಗುತ್ತದೆಂದು ಮುಚ್ಚಿಡಬೇಡಿರಿ. ಪ್ರಯತ್ನಿಸಿದವರು ತೀವ್ರ ಮನೋವೇದನೆಯಲ್ಲಿದ್ದರೆಂದೇ 2017ರ ಮಾನಸಿಕ ಆರೋಗ್ಯ ಕಾಯಿದೆ ಭಾವಿಸುತ್ತದೆ; ಅವರಿಗೆ ಬೇಕಾದದ್ದು ಆರೈಕೆ, ಶಿಕ್ಷೆಯಲ್ಲ.

ಮನಸ್ಸಿನ ಸಂಕಟಕ್ಕೆ 14416 ಎಂಬ ನಂಬರಿದೆ. ಟೆಲಿ ಮಾನಸ್ ಎಂದು ಹೆಸರು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿತು. ಹಗಲಿರುಳೂ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಮಕ್ಕಳೂ ಮಾಡಬಹುದು, ಅವರ ಬಗ್ಗೆ ಚಿಂತೆಯಲ್ಲಿರುವ ನೀವೂ ಮಾಡಬಹುದು. ಮನೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕ ದೊಡ್ಡದಾಗಿ ಬರೆದಿಡಿರಿ.

ಪ್ರಶ್ನೆಗಳಿದ್ದರೆ ಈಗ ಕೇಳಿರಿ. ನಾಲ್ಕು ಜನರೆದುರು ಕೇಳಲಾಗದ ಮಾತಿದ್ದರೆ, ಸಭೆ ಮುಗಿದ ಮೇಲೆ ಆ ಬೇವಿನ ಮರದ ಕೆಳಗೆ ಕುಳಿತಿರುತ್ತೇನೆ. ಅಲ್ಲಿಗೆ ಬನ್ನಿರಿ.