ಯಾವ ಪ್ರೋಟೀನು, ಯಾವ ರೋಗಿಗೆ?



ಸಹ್ಯಾದ್ರಿಯ ಕಾಡುಗಳಲ್ಲಿ ಬೇವಿನ ಕುಟುಂಬಕ್ಕೆ ಸೇರಿದ ಒಂದು ಮರ ಬೆಳೆಯುತ್ತದೆ. ಡೈಸಾಕ್ಸಿಲಮ್ ಬೈನೆಕ್ಟರಿಫೆರಮ್ ಎಂಬುದು ಅದರ ಶಾಸ್ತ್ರೀಯ ಹೆಸರು. ಅದರ ತೊಗಟೆಯಲ್ಲಿರುವ ರೋಹಿಟುಕಿನ್ ಎಂಬ ರಾಸಾಯನಿಕವನ್ನು ಮಾದರಿಯಾಗಿಟ್ಟುಕೊಂಡು ಮುಂಬೈನ ಹೆಕ್ಸ್ಟ್ ಕಂಪನಿಯ ವಿಜ್ಞಾನಿಗಳು ಫ್ಲಾವೊಪಿರಿಡಾಲ್ ಎಂಬ ಅಣುವನ್ನು ರೂಪಿಸಿದರು. ಜೀವಕೋಶದ ವಿಭಜನೆಯನ್ನು ನಡೆಸುವ ಸಿಡಿಕೆ ಪ್ರೋಟೀನುಗಳನ್ನು ತಡೆಯುವ ಅಣುಗಳಲ್ಲಿ ಮನುಷ್ಯರ ಮೇಲೆ ಮೊದಲು ಪರೀಕ್ಷೆಯಾದದ್ದು ಇದೇ.

ಈ ಪ್ರೋಟೀನುಗಳು ಪತ್ತೆಯಾದ ಬಗೆ ಕೇಳಿ. ಲೀಲ್ಯಾಂಡ್ ಹಾರ್ಟ್‌ವೆಲ್ ಬ್ರೆಡ್ ಉಬ್ಬಿಸುವ ಯೀಸ್ಟನ್ನು, ಪಾಲ್ ನರ್ಸ್ ಇನ್ನೊಂದು ಜಾತಿಯ ಯೀಸ್ಟನ್ನು, ಟಿಮ್ ಹಂಟ್ ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್ ಎಂಬ ಕಡಲಜೀವಿಯ ಮೊಟ್ಟೆಗಳನ್ನು ಹಿಡಿದು ಕೂತಿದ್ದರು. ಕೋಶದೊಳಗಿನ ಕೆಲಸ ನಡೆಯುವುದು ಹೇಗೆ ಎಂಬುದಷ್ಟೇ ಅವರ ಪ್ರಶ್ನೆ. 1987ರಲ್ಲಿ ನರ್ಸ್ ಅವರ ತಂಡ, ಜೀನು ಕೆಟ್ಟು ವಿಭಜನೆ ನಿಂತಿದ್ದ ಯೀಸ್ಟಿಗೆ ಮನುಷ್ಯನ ಜೀನನ್ನು ಸೇರಿಸಿತು. ಯೀಸ್ಟು ಮತ್ತೆ ವಿಭಜನೆಗೊಂಡಿತು! ನಮಗೂ ಯೀಸ್ಟಿಗೂ ನಡುವೆ ನೂರು ಕೋಟಿ ವರ್ಷಕ್ಕೂ ಮೀರಿದ ಅಂತರವಿದೆ, ಆದರೂ ಕೆಲಸ ನಡೆಸುವ ಪ್ರೋಟೀನು ಒಂದೇ. ಈ ಪ್ರಯೋಗವನ್ನು ನೆನೆದಾಗಲೆಲ್ಲ ನನಗೆ ಮೈನವಿರೇಳುತ್ತದೆ. 2001ರಲ್ಲಿ ಮೂವರಿಗೂ ನೊಬೆಲ್ ಬಂತು.

ಫ್ಲಾವೊಪಿರಿಡಾಲ್ ಪ್ರಯೋಗಾಲಯದ ತಟ್ಟೆಯಲ್ಲಿ, ಮಿತಿಯಿಲ್ಲದೆ ವಿಭಜನೆಗೊಳ್ಳುವ ಕ್ಯಾನ್ಸರ್ ಕೋಶಗಳನ್ನು ಚೆನ್ನಾಗಿಯೇ ತಡೆಯಿತು. ರೋಗಿಗಳಲ್ಲಿ ಆಸೆ ಕೈಗೂಡಲಿಲ್ಲ. ಅದು ಒಂದು ಸಿಡಿಕೆಯನ್ನಲ್ಲ, ಹಲವನ್ನು ಒಟ್ಟಿಗೆ ತಡೆಯುತ್ತಿತ್ತು. ಆರೋಗ್ಯವಂತ ಕೋಶಗಳು ತಮ್ಮ ಜೀನುಗಳನ್ನು ಓದಿಕೊಳ್ಳಲು ಬಳಸುವ ಸಿಡಿಕೆಯನ್ನೂ ಬಿಡಲಿಲ್ಲ. ತೀವ್ರ ಭೇದಿಯಿಂದ ರೋಗಿಗಳು ಬಳಲಿದರು. ಔಷಧವಾಗಿ ಅದು ಅಂಗಡಿಗೆ ಬರಲೇ ಇಲ್ಲ. ಅದು ವ್ಯರ್ಥವಾಯಿತೆಂದು ಮಾತ್ರ ನಾನು ಒಪ್ಪುವುದಿಲ್ಲ. ಎಲ್ಲವನ್ನೂ ತಡೆದರೆ ಏನಾಗುತ್ತದೆಂದು ತಿಳಿದದ್ದು ಅದರಿಂದಲೇ.

ಮುಂದೆ ಬಂದ ಪಾಲ್ಬೊಸಿಕ್ಲಿಬ್ ಎಂಬ ಅಣು ಮುಖ್ಯವಾಗಿ ಸಿಡಿಕೆ 4 ಮತ್ತು 6ನ್ನು ಮಾತ್ರ ತಡೆಯುತ್ತದೆ. ಅದು ಯಾರಿಗೆ ಕೊಡಬೇಕಾದ ಮದ್ದು? ಲಾಸ್ ಏಂಜಲೀಸಿನ ಸಂಶೋಧಕರು ಬಗೆಬಗೆಯ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಅದನ್ನು ಪರೀಕ್ಷಿಸಿದರು. ಈಸ್ಟ್ರೋಜನ್ ಗ್ರಾಹಕವಿರುವ ಬಗೆಯಲ್ಲೇ ಅದರ ಪರಿಣಾಮ ಹೆಚ್ಚೆಂದು 2009ರಲ್ಲಿ ವರದಿ ಮಾಡಿದರು. ಮುಂದಿನ ಪರೀಕ್ಷೆಗೆ ಅಂಥ ರೋಗಿಗಳನ್ನೇ ಆರಿಸಲಾಯಿತು. ಲೆಟ್ರೊಜೋಲ್ ಎಂಬ ಹಾರ್ಮೋನ್ ಚಿಕಿತ್ಸೆಯ ಮದ್ದೊಂದನ್ನೇ ಕೊಟ್ಟವರಲ್ಲಿ ರೋಗ ಉಲ್ಬಣಿಸದೆ ನಿಂತ ಮಧ್ಯಾಂಕ ಅವಧಿ 10.2 ತಿಂಗಳು, ಜೊತೆಗೆ ಪಾಲ್ಬೊಸಿಕ್ಲಿಬನ್ನೂ ಕೊಟ್ಟಾಗ 20.2 ತಿಂಗಳು. 2015ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇದು ರೋಗವನ್ನು ಗುಣಪಡಿಸುವುದಿಲ್ಲ. ಬಿಳಿ ರಕ್ತಕಣ ಕಡಿಮೆಯಾಗುವುದರಿಂದ ಮೂರು ವಾರ ಮಾತ್ರೆ ನುಂಗಿ ಒಂದು ವಾರ ಬಿಡಬೇಕು. ಆದರೆ ಆ ಹತ್ತು ತಿಂಗಳು ಒಂದು ಮನೆಗೆ ಎಷ್ಟು ದೊಡ್ಡದೆಂದು ಕ್ಯಾನ್ಸರ್ ಕಂಡ ಮನೆಯವರಿಗೆ ಗೊತ್ತು.

ಇಂದು ಪದವಿ ಪಡೆಯುತ್ತಿರುವ ನಿಮ್ಮಲ್ಲಿ ಕೆಲವರು ನಾಳೆ ಔಷಧ ಕಂಪನಿ ಸೇರುತ್ತೀರಿ, ಕೆಲವರು ಸಂಶೋಧನೆಗೆ ಹೋಗುತ್ತೀರಿ. ನಿಮ್ಮ ಅಣು ತಟ್ಟೆಯಲ್ಲಿ ಗೆದ್ದ ದಿನ ಸಂತೋಷಪಡಿ. ಮರುದಿನವೇ ಕೇಳಿಕೊಳ್ಳಿ: ಇದು ಇನ್ನೇನನ್ನು ತಡೆಯುತ್ತಿದೆ, ಯಾವ ರೋಗಿಗೆ ಒದಗುತ್ತದೆ? ಸೋತ ಪ್ರಯೋಗಗಳನ್ನೂ ಮುಚ್ಚಿಡದೆ ಪ್ರಕಟಿಸಿ. ನಿಮ್ಮ ನಂತರ ಬರುವವರಿಗೆ ಅವು ಬೇಕು.