ಬುಟ್ಟಿ ಸೇರುವ ಕಾಗದ



ನಮ್ಮ ಮನೆಗಳಲ್ಲಿ ಹಳೆಯ ವೃತ್ತಪತ್ರಿಕೆಗಳನ್ನು ಕಸಕ್ಕೆ ಎಸೆಯುವವರು ವಿರಳ. ಅವು ಮೂಲೆಯಲ್ಲಿ ಒಟ್ಟಾಗುತ್ತವೆ. ತಿಂಗಳಿಗೊಮ್ಮೆ ತೂಕಕ್ಕೆ ಮಾರಾಟವಾಗುತ್ತವೆ. ಮುಂಬಯಿ, ಪುಣೆಗಳಲ್ಲಿ ರದ್ದಿವಾಲಾ, ದೆಹಲಿಯಲ್ಲಿ ಕಬಾಡಿವಾಲಾ ಎಂದು ಹೆಸರು ಬೇರೆಯಾದರೂ ವ್ಯವಸ್ಥೆ ಒಂದೇ. ಯಾವ ನಿಯಮವೂ ಹೇಳುವ ಮೊದಲೇ ಗೃಹಿಣಿಯರು ನಡೆಸಿಕೊಂಡು ಬಂದ ಪದ್ಧತಿಯಿದು. ಆದುದರಿಂದ ನಾನಿಂದು ಪ್ರಸ್ತಾಪಿಸುವುದು ಆ ಒಟ್ಟಿಲಿಗೆ ಸೇರದೆ ತಪ್ಪಿಸಿಕೊಳ್ಳುವ ಕಾಗದವನ್ನು.

ಲಕೋಟೆ, ಔಷಧದ ಪೆಟ್ಟಿಗೆ, ಮದುವೆಯ ಕರೆಯೋಲೆ, ಸಾಮಾನು ತುಂಬಿ ಬಂದ ರಟ್ಟಿನ ಡಬ್ಬಿ ಇವೆಲ್ಲ ತರಕಾರಿ ಸಿಪ್ಪೆ, ಚಹಾದ ಚರಟದೊಡನೆ ಒಂದೇ ಬುಟ್ಟಿಗೆ ಬೀಳುತ್ತವೆ. ಕಾಗದವೆಂದರೆ ಹೆಣೆದುಕೊಂಡ ನಾರು. ಒಣಗಿ ಶುಚಿಯಾಗಿದ್ದರೆ ಕಾರ್ಖಾನೆಯಲ್ಲಿ ಅದನ್ನು ನೀರಿನಲ್ಲಿ ಕದಡಿ, ತಿರುಳು ಮಾಡಿ, ಮರಳಿ ಹಾಳೆಯಾಗಿಸಬಹುದು. ಎಣ್ಣೆ, ಸಾರು ಹೀರಿಕೊಂಡ ಕಾಗದಕ್ಕೆ ಆ ಯೋಗವಿಲ್ಲ. ಚಹಾ ಕುಡಿಯುವ ಕಾಗದದ ಲೋಟಕ್ಕೆ ಒಳಗಡೆ ಪ್ಲಾಸ್ಟಿಕ್ಕಿನ ತೆಳುಪದರವಿರುತ್ತದೆ, ಎ.ಟಿ.ಎಂ. ಚೀಟಿಗೆ ರಾಸಾಯನಿಕ ಲೇಪವಿರುತ್ತದೆ. ಇವನ್ನು ರದ್ದಿಯೊಡನೆ ಬೆರೆಸಬಾರದು. ಚೀಟಿ ಬೇಕೇ ಎಂದು ಯಂತ್ರ ಕೇಳಿದಾಗ ಬೇಡವೆನ್ನುವುದೇ ಸುಲಭ.

ಪ್ರತಿ ಬಾರಿ ಕದಡಿದಾಗಲೂ ನಾರು ಮೋಟಾಗುವುದರಿಂದ ಈ ಪುನರ್ಜನ್ಮಕ್ಕೂ ಮಿತಿಯುಂಟು. ಕಡೆಗೆ ಹೊಸ ನಾರು ಬೇಕೇ ಬೇಕು. ದಾಂಡೇಲಿ, ಭದ್ರಾವತಿಗಳ ಕಾರ್ಖಾನೆಗಳಿಗಾಗಿ ಪಶ್ಚಿಮ ಘಟ್ಟದ ಬಿದಿರು ದಶಕಗಳ ಕಾಲ ಸಾಗಿದ್ದನ್ನು ಆ ಭಾಗದಿಂದ ಬಂದವರು ಬಲ್ಲರು. ಉದ್ಯಮವು ತನಗೆ ಬೇಕಾದ ಮರವನ್ನು ಸ್ವಾಭಾವಿಕ ಅರಣ್ಯದಿಂದ ಪಡೆಯದೆ, ರೈತರ ನೆರವಿನಿಂದ ಬೆಳೆಸಿಕೊಳ್ಳಬೇಕೆಂದು 1988ರ ರಾಷ್ಟ್ರೀಯ ಅರಣ್ಯ ನೀತಿ ಸೂಚಿಸಿತು. ಆದರೂ ಆ ಮರಕ್ಕೆ ಭೂಮಿ ಬೇಕು, ನೀರು ಬೇಕು.

ಕಚೇರಿಗಳ ಮಾತೇ ಬೇರೆ. ಗಣಕಯಂತ್ರ ಬಂದರೆ ಕಾಗದ ಮಾಯವಾಗುವುದೆಂಬ ನಿರೀಕ್ಷೆಯಿತ್ತು. ಆದರೆ ಇ-ಮೇಲ್ ಮೂಲಕ ಬಂದ ಪತ್ರವನ್ನೂ ಮುದ್ರಿಸಿ, ಕಡತಕ್ಕೆ ಪೋಣಿಸಿ, ಮತ್ತೊಂದು ಪ್ರತಿಯನ್ನು ಮೇಲಧಿಕಾರಿಗೆ ಕಳುಹಿಸುವ ಅಭ್ಯಾಸ ಸುಲಭವಾಗಿ ಬಿಡುವಂಥದಲ್ಲ. ಕಾಗದ ಕೈಯಲ್ಲಿದ್ದರೆ ಧೈರ್ಯವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಾನೂನಿಗೆ ಬೇಕಾದ ದಾಖಲೆಯನ್ನು ಅಗತ್ಯವಾಗಿ ಉಳಿಸಿಕೊಳ್ಳಿರಿ. ಉಳಿದುದನ್ನು ಪರದೆಯ ಮೇಲೆಯೇ ತಿದ್ದಿ, ಅಂತಿಮ ಪ್ರತಿಯನ್ನು ಮಾತ್ರ ಎರಡೂ ಮಗ್ಗುಲಿಗೆ ಮುದ್ರಿಸಿದರೆ ಹಾಳೆಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಮುದ್ರಣಯಂತ್ರದಲ್ಲಿ ಈ ಏರ್ಪಾಟನ್ನು ಒಮ್ಮೆ ಮಾಡಿಟ್ಟರೆ ಸಾಕು, ಪ್ರತಿದಿನ ನೆನಪಿಸಬೇಕಾಗಿಲ್ಲ. ಒಂದೇ ಮಗ್ಗುಲು ಬಳಸಿದ ಹಾಳೆಗಳನ್ನು ಹೊಲಿದರೆ ಟಿಪ್ಪಣಿ ಪುಸ್ತಕ ಸಿದ್ಧ. ಬಂದ ಪತ್ರಗಳ ಖಾಲಿ ಹಿಂಬದಿಯಲ್ಲಿ ಗಾಂಧೀಜಿ ಬರೆಯುತ್ತಿದ್ದುದು ಬಡತನದಿಂದಲ್ಲ.

ಇನ್ನು ಮನೆಯ ಬುಟ್ಟಿಗೆ ಮರಳೋಣ. ಹಸಿ ಕಸ, ಒಣ ಕಸಗಳನ್ನು ಬೇರ್ಪಡಿಸುವುದನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯವರ ಕರ್ತವ್ಯವನ್ನಾಗಿಸಿದವು. ಇದು ಯಾರಿಗೆ ಮುಖ್ಯವೆಂಬುದನ್ನು ಪುಣೆಯಲ್ಲಿ ನೋಡಬಹುದು. ಅಲ್ಲಿ ಕಸ ಆಯುವವರು 1993ರಲ್ಲಿ ‘ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘವನ್ನು ಕಟ್ಟಿಕೊಂಡರು. ಕಾಗದ, ಗಾಜು, ತಗಡು ಅವರ ಜೀವನೋಪಾಯ. ಸಂಘದ ಹೆಸರಿನಲ್ಲಿ ಕಾಗದವೇ ಮೊದಲು. ಮುಂದೆ ಅದರಿಂದಲೇ ಹುಟ್ಟಿದ ‘ಸ್ವಚ್ಛ್’ ಸಹಕಾರಿ ಸಂಸ್ಥೆಯ ಸದಸ್ಯರು, ಬಹುಪಾಲು ಮಹಿಳೆಯರು, ಮಹಾನಗರಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಬಾಗಿಲಿಗೇ ಬಂದು ಕಸ ಒಯ್ಯತೊಡಗಿದರು. ಮನೆಯವರು ಕೊಡುವ ಶುಲ್ಕ ಒಂದು ಆದಾಯ, ಆಯ್ದ ಒಣ ವಸ್ತುಗಳ ಮಾರಾಟ ಇನ್ನೊಂದು. ಸಾರಿನಲ್ಲಿ ನೆನೆದ ರಟ್ಟಿನ ಡಬ್ಬಿಗೆ ಅಂಗಡಿಯವನು ಬೆಲೆ ಕಟ್ಟುವುದಿಲ್ಲ. ಅದೇ ಡಬ್ಬಿಯನ್ನು ಚಪ್ಪಟೆ ಮಾಡಿ ಒಣ ಚೀಲದಲ್ಲಿಟ್ಟರೆ ಆಕೆಗೆ ಕೊಳಕಿನಲ್ಲಿ ಕೈಯಿಡುವುದೂ ತಪ್ಪುತ್ತದೆ, ಸಂಜೆ ತಕ್ಕಡಿಯಲ್ಲಿ ಅದಕ್ಕೆ ತೂಕವೂ ಸಿಗುತ್ತದೆ.